ದೇಹದೊಳಗಣ ನೀರಿನ ಲೆಕ್ಕ

ಚಿತ್ರದುರ್ಗದ ಕೋಟೆಯನ್ನು ನೋಡಲು ಬರುವವರು ಸಾಮಾನ್ಯವಾಗಿ ಅದರ ಬಾಗಿಲುಗಳನ್ನು ಎಣಿಸುವರು, ಬತೇರಿಗಳನ್ನು ಏರುವರು, ಓಬವ್ವನ ಕಿಂಡಿಯ ಮುಂದೆ ಕ್ಷಣಕಾಲ ನಿಲ್ಲುವರು. ಆದರೆ ಅಲ್ಲಿ ಕಲ್ಲಿನ ಗೋಡೆಗಳಷ್ಟೇ ಮೆಚ್ಚತಕ್ಕ ಇನ್ನೊಂದು ಏರ್ಪಾಟುಂಟು; ಅದು ನೀರಿನದು. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುವುದು. ಅದು ತುಂಬಿ ಮಿಕ್ಕುದು ಅಕ್ಕತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕಡೆಗೆ ಬೆಟ್ಟದ ಬುಡದಲ್ಲಿ, ಊರಿನೊಳಗಿರುವ ಸಂತೆಹೊಂಡಕ್ಕೆ. ಒಂದೆಡೆ ಮಿಕ್ಕ ನೀರು ಇನ್ನೊಂದೆಡೆ ಸಂಗ್ರಹವಾಗಬೇಕು, ವ್ಯರ್ಥವಾಗಿ ಹರಿದುಹೋಗಬಾರದು ಎಂಬುದೇ ಇದರ ಸೂತ್ರ.

ಈ ಸೂತ್ರ ಈ ನಾಡಿಗೆ ಅನಿವಾರ್ಯವಾಗಿದ್ದಿತು. ಪಶ್ಚಿಮಘಟ್ಟಗಳ ಮಳೆಯ ನೆರಳಿನಲ್ಲಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 60 ಸೆಂಟಿಮೀಟರಿನ ಆಸುಪಾಸಿನದು. ಹೊಳಲ್ಕೆರೆಯ ಕಡೆ ಅದು ಸ್ವಲ್ಪ ಹೆಚ್ಚು. ಹಿರಿಯೂರಿನ ಕಡೆ ಕಡಮೆ. ಹೊಸದುರ್ಗದ ಮೇಲೆ ಹರಿದುಬರುವ ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಅದು ಮತ್ತೆ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ. ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಲೆಕ್ಕ ಹೊಸದಲ್ಲ.

ಆದರೆ ಇಂತಹುದೇ ಒಂದು ಲೆಕ್ಕ, ಕೋಟೆಯ ಹೊಂಡಗಳಿಗಿಂತಲೂ ಬಿಗಿಯಾದುದು, ನಮ್ಮೆಲ್ಲರ ದೇಹದೊಳಗೆ ಹಗಲಿರುಳೂ ನಡೆಯುತ್ತಿರುವುದೆಂಬುದನ್ನು ನಾವು ನೆನೆಯುವುದು ಅಪರೂಪ. ಆ ಲೆಕ್ಕವನ್ನು ಇಟ್ಟಿರುವ ಅಂಗಗಳೇ ಮೂತ್ರಪಿಂಡಗಳು. ಅದಕ್ಕೆ ಬೇಕಾದ ಬಲವನ್ನು ಒದಗಿಸುವುದು ಹೃದಯ. ಈ ಎರಡರ ಕೆಲಸವನ್ನು ಭೌತಶಾಸ್ತ್ರದ ಒತ್ತಡ, ಪ್ರವಾಹ, ಅಭಿಸರಣ ಎಂಬ ಮೂರು ಪರಿಚಿತ ವಿಷಯಗಳ ನೆರವಿನಿಂದ ಪರಿಶೀಲಿಸುವುದೂ, ಬಯಲುಸೀಮೆಯ ಬೇಸಗೆಯಲ್ಲಿ ಅದರಿಂದ ನಾವು ಕಲಿಯತಕ್ಕುದೇನೆಂಬುದನ್ನು ತಿಳಿಯುವುದೂ ಈ ಲೇಖನದ ಉದ್ದೇಶ.

ಹೃದಯವೆಂಬ ಪಂಪು

ಹೃದಯವು ಮುಷ್ಟಿಯಷ್ಟು ಗಾತ್ರದ ಸ್ನಾಯುವಿನ ಚೀಲ. ಅದರಲ್ಲಿ ಮೇಲೆ ಎರಡು ಹೃತ್ಕರ್ಣಗಳೂ ಕೆಳಗೆ ಎರಡು ಹೃತ್ಕುಕ್ಷಿಗಳೂ ಇರುವುವು. ಬಲಗಡೆಯ ಹೃತ್ಕುಕ್ಷಿ ರಕ್ತವನ್ನು ಶ್ವಾಸಕೋಶಗಳಿಗೆ ನೂಕುವುದು; ಎಡಗಡೆಯದು ಮಹಾಪಧಮನಿಯ ಮೂಲಕ ದೇಹದ ಉಳಿದೆಲ್ಲ ಭಾಗಗಳಿಗೂ ನೂಕುವುದು. ರಕ್ತವು ಹೀಗೆ ಹೊರಟು ಮತ್ತೆ ಹೃದಯಕ್ಕೇ ಹಿಂದಿರುಗುವುದೆಂಬುದನ್ನು 1628ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಸಿದ್ಧಪಡಿಸಿ ತೋರಿಸಿದನು. ಅವನ ವಾದದ ಬಲವೆಲ್ಲ ಲೆಕ್ಕದಲ್ಲಿದ್ದಿತು. ನಾವೂ ಆ ಲೆಕ್ಕವನ್ನು ಇಂದಿನ ಅಂಕಿಗಳಿಂದ ಮಾಡಿ ನೋಡೋಣ.

ವಿಶ್ರಾಂತಿಯಲ್ಲಿರುವ ಪ್ರೌಢ ಮನುಷ್ಯನ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುವುದು. ನಿಮಿಷಕ್ಕೆ 72 ಬಡಿತವೆಂದು ಹಿಡಿದರೆ ಸುಮಾರು 5 ಲೀಟರ್ ಆಯಿತು. ದಿನವೊಂದಕ್ಕೆ 7,200 ಲೀಟರ್! ಬೇಸಗೆಯಲ್ಲಿ ಹಳ್ಳಿಗಳಿಗೆ ನೀರು ತರುವ 5,000 ಲೀಟರಿನ ಟ್ಯಾಂಕರನ್ನು ನೀವು ಕಂಡಿರಬಹುದು. ಅಂತಹ ಸುಮಾರು ಒಂದೂವರೆ ಟ್ಯಾಂಕರಿನಷ್ಟು ರಕ್ತವನ್ನು ಹೃದಯ ದಿನವೂ ನೂಕುವುದು. ಇಷ್ಟೊಂದು ರಕ್ತವನ್ನು ದೇಹವು ಪ್ರತಿದಿನವೂ ಹೊಸದಾಗಿ ಮಾಡಲಾರದು. ದೇಹದಲ್ಲಿರುವುದೇ ಸುಮಾರು 5 ಲೀಟರ್ ರಕ್ತ. ಆದುದರಿಂದ ಅದೇ ರಕ್ತ ನಿಮಿಷಕ್ಕೊಮ್ಮೆ ಸುತ್ತಿಬರಬೇಕಲ್ಲದೆ ಬೇರೆ ದಾರಿಯಿಲ್ಲ.

ಇನ್ನು ಒತ್ತಡದ ವಿಚಾರ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬಾತನು ಕುದುರೆಯ ಅಪಧಮನಿಗೆ ಗಾಜಿನ ಉದ್ದವಾದ ಕೊಳವೆಯನ್ನು ಜೋಡಿಸಿ, ರಕ್ತವು ಅದರಲ್ಲಿ 8 ಅಡಿಗಳಿಗೂ ಮೇಲಕ್ಕೆ ಏರಿದುದನ್ನು ಕಂಡು, 1733ರಲ್ಲಿ ಪ್ರಕಟಿಸಿದನು. ರಕ್ತದ ಒತ್ತಡವನ್ನು ಅಳೆದ ಮೊದಲ ಪ್ರಯೋಗವಿದು. ಈಗ ನಾವು ಅದನ್ನು ಪಾದರಸದ ಎತ್ತರದಿಂದ ಹೇಳುವೆವು. ವೈದ್ಯರು '120–80' ಎಂದರೆ, ಹೃತ್ಕುಕ್ಷಿ ಸಂಕೋಚಿಸಿದಾಗ ಒತ್ತಡವು 120 ಮಿಲಿಮೀಟರ್ ಪಾದರಸದಷ್ಟು, ಸಡಿಲವಾದಾಗ 80 ಮಿಲಿಮೀಟರಿನಷ್ಟು ಎಂದರ್ಥ. ಪಾದರಸವು ನೀರಿನ 13.6 ಪಟ್ಟು ಸಾಂದ್ರವಾದುದರಿಂದ, 120 ಮಿಲಿಮೀಟರ್ ಪಾದರಸವು ಸುಮಾರು 163 ಸೆಂಟಿಮೀಟರ್ ನೀರಿಗೆ ಸಮ. ಎಂದರೆ ಹೃದಯದ ಒಂದು ಬಡಿತ ನೀರನ್ನು ಒಬ್ಬ ಮನುಷ್ಯನ ಎತ್ತರದಷ್ಟು ಏರಿಸಬಲ್ಲುದು. ಸರಾಸರಿ ಒತ್ತಡವನ್ನು 100 ಮಿಲಿಮೀಟರ್ ಎಂದು ಹಿಡಿದು ಅದನ್ನು ಪ್ರವಾಹದಿಂದ ಗುಣಿಸಿದರೆ ಎಡ ಹೃತ್ಕುಕ್ಷಿಯ ಸಾಮರ್ಥ್ಯ ಸುಮಾರು 1 ವಾಟ್ ಎಂದು ತಿಳಿಯುವುದು. ಇಷ್ಟು ಸಣ್ಣ ಪಂಪು ಬಾಳಿನುದ್ದಕ್ಕೂ ನಿಲ್ಲದೆ ನಡೆಯುವುದು.

ಸೋಸುವ ಗುಚ್ಛ

ಬೆನ್ನಿನ ಕಡೆ, ಕೆಳಪಕ್ಕೆಲುಬುಗಳ ಮರೆಯಲ್ಲಿ, ಬೆನ್ನುಮೂಳೆಯ ಎರಡು ಬದಿಗಳಲ್ಲಿ, ಅವರೆಯ ಬೀಜದ ಆಕಾರದ ಎರಡು ಮೂತ್ರಪಿಂಡಗಳಿರುವುವು. ಒಂದೊಂದರ ತೂಕ ಸುಮಾರು 150 ಗ್ರಾಂ. ಎರಡೂ ಸೇರಿದರೆ 60 ಕಿಲೋಗ್ರಾಂ ತೂಕದ ಮನುಷ್ಯನ ಇನ್ನೂರರಲ್ಲಿ ಒಂದು ಭಾಗ ಮಾತ್ರ. ಆದರೆ ಹೃದಯ ಹೊರನೂಕಿದ ರಕ್ತದಲ್ಲಿ ಐದರಲ್ಲಿ ಒಂದು ಭಾಗಕ್ಕೂ ಮಿಗಿಲಾದುದು ಈ ಎರಡು ಪಿಂಡಗಳ ಪಾಲು. ನಿಮಿಷಕ್ಕೆ ಸುಮಾರು 1.1 ಲೀಟರ್. ತೂಕಕ್ಕೆ ಇಷ್ಟು ಮೀರಿದ ಪಾಲು ಏತಕ್ಕೆ? ತಮ್ಮ ಪೋಷಣೆಗಲ್ಲ, ರಕ್ತವನ್ನು ಸೋಸುವುದಕ್ಕೆ.

ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಘಟಕಗಳಿರುವುವು. ನೆಫ್ರಾನಿನ ತುದಿಯಲ್ಲಿ ಲೋಮನಾಳಗಳ ಒಂದು ಗುಚ್ಛ, ಅದನ್ನು ಬಟ್ಟಲಿನಂತೆ ಸುತ್ತುವರಿದ ಒಂದು ಸಂಪುಟ, ಆ ಸಂಪುಟದಿಂದ ಹೊರಟು ಡೊಂಕಾಗಿ ಹರಿಯುವ ಒಂದು ನಾಳ: ಇಷ್ಟೇ ಅದರ ರಚನೆ. ಗುಚ್ಛದೊಳಗೆ ರಕ್ತವನ್ನು ತರುವ ಕಿರಿಯ ಅಪಧಮನಿಯೊಂದು. ಹೊರಗೆ ಕೊಂಡೊಯ್ಯುವುದು ಇನ್ನೊಂದು. ದೇಹದ ಬೇರೆಡೆಗಳಲ್ಲಿ ಲೋಮನಾಳಗಳಿಂದ ಹೊರಟ ರಕ್ತ ಅಭಿಧಮನಿಯನ್ನು ಸೇರಿದರೆ ಇಲ್ಲಿ ಮತ್ತೊಂದು ಅಪಧಮನಿಯನ್ನೇ ಸೇರುವುದು. ಹೊರದಾರಿಯೂ ಹೀಗೆ ಇಕ್ಕಟ್ಟಾಗಿರುವುದರಿಂದ ಗುಚ್ಛದೊಳಗಣ ಒತ್ತಡ ಬೇರೆ ಲೋಮನಾಳಗಳಲ್ಲಿರುವುದಕ್ಕಿಂತ ಹೆಚ್ಚಾಗಿ ನಿಲ್ಲುವುದು.

ಈಗ ಒತ್ತಡಗಳನ್ನು ಕೂಡಿ ಕಳೆಯೋಣ. ಗುಚ್ಛದ ರಕ್ತ ಹೊರಮುಖವಾಗಿ ಒತ್ತುವ ಬಲ ಸುಮಾರು 55 ಮಿಲಿಮೀಟರ್ ಪಾದರಸದಷ್ಟು. ಸಂಪುಟದಲ್ಲಿ ಈಗಾಗಲೇ ತುಂಬಿರುವ ದ್ರವ ಇದಕ್ಕೆ ವಿರುದ್ಧವಾಗಿ ಸುಮಾರು 15 ಮಿಲಿಮೀಟರಿನಷ್ಟು ಒತ್ತುವುದು. ರಕ್ತದಲ್ಲಿ ಉಳಿದ ಪ್ರೋಟೀನುಗಳು ಅಭಿಸರಣದ ಬಲದಿಂದ ನೀರನ್ನು ಒಳಕ್ಕೆ ಸೆಳೆಯುವುವು. ಆ ಸೆಳೆತ ಸುಮಾರು 30 ಮಿಲಿಮೀಟರ್. 55ರಿಂದ 15ನ್ನೂ 30ನ್ನೂ ಕಳೆದರೆ ಉಳಿಯುವುದು ಕೇವಲ 10 ಮಿಲಿಮೀಟರ್. ನೀರಿನ ಲೆಕ್ಕದಲ್ಲಿ ಇದು 13.6 ಸೆಂಟಿಮೀಟರ್, ಅರ್ಧ ಅಡಿಗೂ ಕಡಮೆ. ಮನುಷ್ಯನ ರಕ್ತವೆಲ್ಲ ಶುದ್ಧವಾಗುವುದು ಈ ಅರ್ಧ ಅಡಿ ನೀರಿನ ಒತ್ತಡದಿಂದ!

ಈ ಅಂಚು ಎಷ್ಟು ತೆಳುವಾದುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗುಚ್ಛದ ಒತ್ತಡ 55ರಿಂದ 50ಕ್ಕೆ ಇಳಿದರೆ ಅದು ಹನ್ನೊಂದರಲ್ಲಿ ಒಂದು ಭಾಗದ ಇಳಿತ. ಆದರೆ ಉಳಿಕೆಯ ಬಲ 10ರಿಂದ 5ಕ್ಕೆ ಇಳಿಯುವುದು, ಎಂದರೆ ಅರ್ಧಕ್ಕೆ! ಹೀಗಾಗದಂತೆ ಮೂತ್ರಪಿಂಡವು ತನ್ನ ಒಳಬಾಗಿಲನ್ನು, ಎಂದರೆ ರಕ್ತ ತರುವ ಕಿರಿಯ ಅಪಧಮನಿಯನ್ನು, ಹಿಗ್ಗಿಸಿ ಕುಗ್ಗಿಸಿ ಒತ್ತಡವನ್ನು ಸಮನಾಗಿ ಕಾಯುವುದು. ಫ್ರಾನ್ಸಿನ ವೈದ್ಯ ಪ್ವಾಸಯ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಹಿಡಿದ ನಿಯಮವನ್ನು ನೆನೆಯಿರಿ: ಒತ್ತಡ ಒಂದೇ ಆಗಿದ್ದರೆ ಕಿರಿದಾದ ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದು. ತ್ರಿಜ್ಯ ನೂರಕ್ಕೆ ಹತ್ತರಷ್ಟು ಹಿಗ್ಗಿದರೆ ಪ್ರವಾಹ 1.46 ಪಟ್ಟಾಗುವುದು, ಹತ್ತರಷ್ಟು ಕುಗ್ಗಿದರೆ 0.66ಕ್ಕೆ ಇಳಿಯುವುದು. ಸಣ್ಣ ಬಾಗಿಲಿನ ಸಣ್ಣ ಚಲನೆಗೆ ಇಷ್ಟು ಫಲ. ಈ ಮಾತನ್ನು ಮುಂದೆ ಮತ್ತೆ ಬಳಸಿಕೊಳ್ಳುವೆವು.

ನೂರ ಎಂಬತ್ತು ಲೀಟರ್ ಎಲ್ಲಿ ಹೋಯಿತು?

ಹೀಗೆ ಗುಚ್ಛಗಳಿಂದ ಸೋಸಿ ಬರುವ ದ್ರವ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್. ದಿನಕ್ಕೆ 180 ಲೀಟರ್. ಇದರಲ್ಲಿ ರಕ್ತಕಣಗಳಿಲ್ಲ, ಪ್ರೋಟೀನು ಇಲ್ಲವೆನ್ನುವಷ್ಟು ಕಡಮೆ. ಆದರೆ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವೂ ಉಂಟು. ರಕ್ತದ ದ್ರವಭಾಗವೇ ಸುಮಾರು 3 ಲೀಟರ್. ಆದುದರಿಂದ ಅದು ದಿನಕ್ಕೆ 60 ಸಲ ಸೋಸಿಹೋಗುವುದೆಂದಾಯಿತು. ಇಷ್ಟನ್ನೂ ಹೊರಕ್ಕೆ ಬಿಟ್ಟರೆ ಮನುಷ್ಯ ಅರ್ಧ ಗಂಟೆಯೊಳಗೆ ಒಣಗಿಹೋಗಬೇಕಾಗಿತ್ತು. ಆದರೆ ಹೊರಬರುವ ಮೂತ್ರ ಒಂದೂವರೆ ಲೀಟರ್ ಮಾತ್ರ. ಉಳಿದ 178 ಲೀಟರಿಗೂ ಮೀರಿದ ನೀರು ಎಲ್ಲಿ ಹೋಯಿತು?

ಮರಳಿ ರಕ್ತಕ್ಕೇ ಹೋಯಿತು. ಇಲ್ಲಿ ಕೋಟೆಯ ಹೊಂಡಗಳ ಸಾಲನ್ನು ನೆನೆಯಬಹುದು. ಸೋಸಿದ ದ್ರವವು ನೆಫ್ರಾನಿನ ನಾಳದಲ್ಲಿ ಹರಿಯುವಾಗ ಒಂದೊಂದು ಘಟ್ಟದಲ್ಲಿಯೂ ಅದರ ಒಂದು ಪಾಲನ್ನು ಹಿಡಿದಿಡಲಾಗುವುದು. ನಾಳದ ಮೊದಲ ಭಾಗದಲ್ಲಿಯೇ ಸುಮಾರು ಮೂರರಲ್ಲಿ ಎರಡು ಭಾಗ ನೀರೂ ಉಪ್ಪೂ, ಆರೋಗ್ಯವಂತರಲ್ಲಿ ಸಕ್ಕರೆಯೆಲ್ಲವೂ, ರಕ್ತಕ್ಕೆ ಮರಳುವುವು. ಬಳಿಕ ನಾಳವು ಪಿಂಡದ ಒಳಭಾಗಕ್ಕೆ ಇಳಿದು ಮತ್ತೆ ಮೇಲೇರುವ ಕುಣಿಕೆಯೊಂದನ್ನು ಮಾಡುವುದು. ಅದನ್ನು ಮೊದಲು ವರ್ಣಿಸಿದ ಜರ್ಮನಿಯ ಹೆನ್ಲೆಯ ಹೆಸರಿನಿಂದ ಅದನ್ನು ಕರೆಯುವರು.

ಹೆನ್ಲೆಯ ಕುಣಿಕೆಯ ಕೆಲಸ ಬಹು ಸೋಜಿಗವಾದುದು. ಅದರ ಏರುವ ಬದಿಯು ನೀರನ್ನು ಬಿಡದೆ ಉಪ್ಪನ್ನು ಮಾತ್ರ ಹೊರಕ್ಕೆ ಹಾಕುವುದು. ಹೊರಗೆ ಬಿದ್ದ ಉಪ್ಪಿನಿಂದ ಇಳಿಯುವ ಬದಿಯ ನೀರು ಹೊರಕ್ಕೆ ಸೆಳೆಯಲ್ಪಟ್ಟು ಒಳಗಣ ದ್ರವ ಮತ್ತೂ ಉಪ್ಪಾಗುವುದು. ಅದೇ ದ್ರವ ತಿರುಗಿ ಏರುವಾಗ ಮತ್ತಷ್ಟು ಉಪ್ಪನ್ನು ಕೊಡುವುದು. ಎದುರುಬದುರಾಗಿ ಹರಿಯುವ ಎರಡು ಪ್ರವಾಹಗಳ ಈ ಕೊಡುಕೊಳ್ಳುವಿಕೆಯಿಂದಲೂ, ಅಲ್ಲಿಯೇ ಸೇರಿಕೊಳ್ಳುವ ಯೂರಿಯಾದಿಂದಲೂ, ಪಿಂಡದ ಒಳ ಅಂಗಾಂಶವು ಆಳಕ್ಕೆ ಹೋದಂತೆಲ್ಲ ಹೆಚ್ಚು ಹೆಚ್ಚು ಸಾರವಾಗುವುದು. ಆಳದಲ್ಲಿ ಅದರ ಸಾರತೆ ರಕ್ತದ ಸಾರತೆಗಿಂತ ಸುಮಾರು ನಾಲ್ಕು ಪಟ್ಟು. ಕಡೆಯ ಸಂಗ್ರಾಹಕ ನಾಳವು ಈ ಉಪ್ಪಿನ ಕಣಿವೆಯ ಮೂಲಕವೇ ಕೆಳಗಿಳಿದು ಹೊರಹೋಗಬೇಕು. ನಾಳದ ಗೋಡೆಯಲ್ಲಿ ನೀರಿಗೆ ದಾರಿಯಿದ್ದರೆ, ಅಭಿಸರಣದಿಂದ ನೀರು ಹೊರಕ್ಕೆ ಹೋಗಿ ರಕ್ತವನ್ನು ಸೇರುವುದು. ದಾರಿಯಿಲ್ಲದಿದ್ದರೆ ಮೂತ್ರವಾಗಿ ಹೊರಟುಹೋಗುವುದು.

ಆ ದಾರಿಯನ್ನು ತೆರೆಯುವವರಾರು?

ಎರಡು ಕಾವಲುಗಳು

ಮೊದಲನೆಯ ಕಾವಲು ಮಿದುಳಿನ ತಳದಲ್ಲಿದೆ. ಅಲ್ಲಿಯ ಕೆಲವು ಕೋಶಗಳು ರಕ್ತದ ಸಾರತೆಯನ್ನು ಎಡೆಬಿಡದೆ ಅಳೆಯುತ್ತಿರುವುವು. ಅದು ನೂರಕ್ಕೆ ಒಂದೆರಡರಷ್ಟು ಏರಿದರೂ ಸಾಕು, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುವುದು, ಬಾಯಾರಿಕೆಯೂ ತೋರುವುದು. ಆ ಹಾರ್ಮೋನು ಮೂತ್ರಪಿಂಡವನ್ನು ಮುಟ್ಟಿದಾಗ ಸಂಗ್ರಾಹಕ ನಾಳದ ಗೋಡೆಯಲ್ಲಿ ನೀರಿನ ಕಣಗಳಿಗೆ ಮಾತ್ರ ದಾರಿಕೊಡುವ ಅತಿ ಸೂಕ್ಷ್ಮ ರಂಧ್ರಗಳು ಬಂದು ಕೂಡಿಕೊಳ್ಳುವುವು. ಇಂತಹ ರಂಧ್ರಗಳನ್ನು ಅಮೆರಿಕದ ಪೀಟರ್ ಆಗ್ರೆ 1992ರ ಸುಮಾರಿಗೆ ಗುರುತಿಸಿದರು. 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ನಾವು ನೀರು ಕಡಮೆ ಕುಡಿದ ದಿನ ಮೂತ್ರವು ಕಡಮೆಯಾಗಿ ಗಾಢವಾದ ಹಳದಿ ಬಣ್ಣಕ್ಕೆ ತಿರುಗುವುದು ಈ ಕಾರಣದಿಂದ.

ಎರಡನೆಯ ಕಾವಲು ಮೂತ್ರಪಿಂಡದೊಳಗೇ ಇದೆ. ರಕ್ತ ತರುವ ಕಿರಿಯ ಅಪಧಮನಿಯ ಗೋಡೆಯಲ್ಲಿ ಒತ್ತಡವನ್ನು ಅರಿಯುವ ಕೋಶಗಳಿರುವುವು. ಒತ್ತಡ ಇಳಿದರೆ ಅವು ರೆನಿನ್ ಎಂಬ ವಸ್ತುವನ್ನು ಸುರಿಸುವುವು. ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬಿಬ್ಬರು 1898ರಲ್ಲಿ ವರದಿ ಮಾಡಿದ ವಸ್ತುವಿದು. ರೆನಿನ್ನಿನ ಫಲವಾಗಿ ಹುಟ್ಟುವ ಆಂಜಿಯೊಟೆನ್ಸಿನ್ ದೇಹದ ಕಿರಿಯ ಅಪಧಮನಿಗಳನ್ನು ಬಿಗಿಯುವುದು, ಉಪ್ಪನ್ನು ಉಳಿಸಿಕೊಳ್ಳುವಂತೆ ಮಾಡುವುದು, ಬಾಯಾರಿಕೆಯನ್ನೂ ಹೆಚ್ಚಿಸುವುದು. ಹೃದಯವು ಒತ್ತಡವನ್ನು ಕೊಟ್ಟು ಮೂತ್ರಪಿಂಡವನ್ನು ನಡೆಯಿಸಿದರೆ, ಮೂತ್ರಪಿಂಡವು ನೀರನ್ನೂ ಉಪ್ಪನ್ನೂ ಕಾಯ್ದಿರಿಸಿ ಆ ಒತ್ತಡವನ್ನು ಉಳಿಸಿಕೊಡುವುದು. ಒಂದು ಕೆಟ್ಟರೆ ಇನ್ನೊಂದು ಕೆಡುವುದಕ್ಕೆ ಇದೇ ಕಾರಣ. ಬಹುಕಾಲ ಏರಿ ನಿಂತ ರಕ್ತದೊತ್ತಡ ಆ ಕೋಮಲವಾದ ಗುಚ್ಛಗಳನ್ನು ಹಾಳುಮಾಡುವುದು. ಹಾಳಾದ ಪಿಂಡ ರಕ್ತದೊತ್ತಡವನ್ನು ಇನ್ನಷ್ಟು ಏರಿಸುವುದು.

ಅರ್ಧ ಲೀಟರಿನ ಗಡಿ

ಮೂತ್ರಪಿಂಡದ ಉಳಿತಾಯಕ್ಕೆ ಒಂದು ಮಿತಿಯುಂಟು. ಈ ಲೇಖನದ ಮುಖ್ಯವಾದ ಮಾತು ಅದೇ.

ನಾವು ಉಂಡ ಆಹಾರದಿಂದ ದಿನವೂ ಯೂರಿಯಾ ಮೊದಲಾದ ಕಲ್ಮಷಗಳೂ ಹೆಚ್ಚಾದ ಉಪ್ಪೂ ಹುಟ್ಟುವುವು. ಕರಗಿದ ಕಣಗಳನ್ನು ಎಣಿಸುವ ಮಿಲಿಆಸ್ಮೋಲ್ ಎಂಬ ಮಾನದಲ್ಲಿ ಹೊರಹಾಕಲೇಬೇಕಾದ ಕಣಗಳು ದಿನಕ್ಕೆ ಸುಮಾರು 600. ಮನುಷ್ಯನ ಮೂತ್ರಪಿಂಡ ಎಷ್ಟು ಬಿಗಿಹಿಡಿದರೂ ಒಂದು ಲೀಟರ್ ಮೂತ್ರದಲ್ಲಿ ಸುಮಾರು 1,200ಕ್ಕಿಂತ ಹೆಚ್ಚನ್ನು ತುಂಬಲಾರದು. 600ನ್ನು 1,200ರಿಂದ ಭಾಗಿಸಿದರೆ ಅರ್ಧ ಲೀಟರ್. ಮನುಷ್ಯನು ಹನಿ ನೀರನ್ನು ಕುಡಿಯದಿದ್ದರೂ ಈ ಅರ್ಧ ಲೀಟರ್ ಹೊರಹೋಗಲೇಬೇಕು; ಹೋಗದಿದ್ದರೆ ಕಲ್ಮಷವು ರಕ್ತದಲ್ಲಿ ಉಳಿಯುವುದು. ಮೂತ್ರಪಿಂಡವು ಇರುವ ನೀರನ್ನು ಉಳಿಸಬಲ್ಲುದು. ಇಲ್ಲದ ನೀರನ್ನು ಹುಟ್ಟಿಸಲಾರದು. ಎಷ್ಟು ಜಾಣತನದಿಂದ ಹೊಂಡ ಕಟ್ಟಿದರೂ ಮಳೆಯನ್ನು ನಾವು ತರಲಾರೆವಷ್ಟೆ?

ಬೇಸಗೆಯ ಹೊಲದಲ್ಲಿ ದುಡಿಯುವವರ ಆಯವ್ಯಯವನ್ನು ಈಗ ಬರೆಯೋಣ. ಹಿರಿಯೂರಿನ ಕಡೆಯ ಈರುಳ್ಳಿಯ ಹೊಲವಾಗಲಿ, ಹೊಸದುರ್ಗದ ದಾಳಿಂಬೆಯ ತೋಟವಾಗಲಿ, ಬಿಸಿಲಿನಲ್ಲಿ ಆರು ಗಂಟೆ ದುಡಿದವನಿಗೆ ಗಂಟೆಗೆ ಅರ್ಧ ಲೀಟರಿನಂತೆ 3 ಲೀಟರ್ ಬೆವರು ಹೋಯಿತೆಂದು ಇಟ್ಟುಕೊಳ್ಳಿ. ಕಷ್ಟದ ಕೆಲಸದಲ್ಲಿ ಇದಕ್ಕಿಂತಲೂ ಹೆಚ್ಚು ಹೋಗುವುದುಂಟು. ಬೆವರು ವ್ಯರ್ಥವಲ್ಲ, ಒಂದು ಲೀಟರ್ ಬೆವರು ಆರುವಾಗ ಚರ್ಮದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುವುದು. ಅದಿಲ್ಲದಿದ್ದರೆ ದೇಹದ ಉಷ್ಣತೆ ಅಪಾಯಕರವಾಗಿ ಏರುವುದು. ಬೆವರು 3 ಲೀಟರ್, ಉಸಿರಿನಿಂದಲೂ ಒಣ ಚರ್ಮದಿಂದಲೂ ಅರಿವಿಲ್ಲದೆ ಹೋಗುವುದು 0.8, ಮಲದಲ್ಲಿ 0.1, ಮೂತ್ರದ ಕನಿಷ್ಠ 0.5: ಒಟ್ಟು ವೆಚ್ಚ 4.4 ಲೀಟರ್. ಆಹಾರವು ದೇಹದೊಳಗೆ ದಹಿಸುವಾಗ ಹುಟ್ಟುವ ನೀರು ಸುಮಾರು 0.3. ಇದನ್ನು ಕಳೆದರೆ ಅನ್ನ, ಸಾರು, ಮಜ್ಜಿಗೆ, ನೀರು ಇವುಗಳಿಂದ ಬರಬೇಕಾದುದು 4.1 ಲೀಟರ್. ಅದೂ ಮೂತ್ರಪಿಂಡವನ್ನು ಅದರ ಕಟ್ಟಕಡೆಯ ಗಡಿಗೆ ನೂಕಿದಾಗ. ಮೂತ್ರವು ಆರೋಗ್ಯಕ್ಕೆ ತಕ್ಕಂತೆ 2 ಲೀಟರಿನಷ್ಟು ಆಗಬೇಕಾದರೆ ಬೇಕಾದುದು 5.6 ಲೀಟರ್.

ಅದೇ ವ್ಯಕ್ತಿ ಎರಡೂವರೆ ಲೀಟರ್ ಮಾತ್ರ ಪಡೆದನೆನ್ನಿ. ಕೊರತೆ 1.6 ಲೀಟರ್. ಆ ಕೊರತೆಯ ಒಂದು ಪಾಲು ರಕ್ತದಿಂದಲೂ ಬರಬೇಕು. ರಕ್ತದ ಪ್ರಮಾಣ ಇಳಿದರೆ ಹೃದಯವು ಒಂದು ಬಡಿತಕ್ಕೆ ನೂಕುವ ರಕ್ತ ಕಡಮೆಯಾಗುವುದು. ಅದನ್ನು ತುಂಬಲು ಬಡಿತಗಳು ಹೆಚ್ಚುವುವು. ತಲೆಸುತ್ತು, ಬಳಲಿಕೆ, ಎದೆಬಡಿತ ಕಾಣಿಸಿಕೊಳ್ಳುವುದು ಈ ಘಟ್ಟದಲ್ಲಿ. ಕೊರತೆ ಇನ್ನೂ ಹೆಚ್ಚಿ ಸರಾಸರಿ ರಕ್ತದೊತ್ತಡ ಸುಮಾರು 80 ಮಿಲಿಮೀಟರಿಗಿಂತ ಕೆಳಗಿಳಿದರೆ ಮೂತ್ರಪಿಂಡದ ಒಳಬಾಗಿಲು ಎಷ್ಟು ಹಿಗ್ಗಿದರೂ ಸಾಲದೆ, ಸೋಸುವಿಕೆಯೇ ಕುಗ್ಗತೊಡಗುವುದು.

ಕಲ್ಲು, ಫ್ಲೋರೈಡು, ನೋವಿನ ಗುಳಿಗೆ

ಈ ಕೊರತೆ ಒಂದು ದಿನದ್ದಾದರೆ ಸಂಜೆಯ ನೀರಿನಿಂದ ನೀಗುವುದು. ದಿನದಿನವೂ ನಡೆದರೆ ಅದರ ಫಲ ಬೇರೆ. ಗಾಢವಾದ ಸಕ್ಕರೆಯ ಪಾಕ ಆರಿದಾಗ ಹರಳು ಕಟ್ಟುವುದನ್ನು ನೀವು ನೋಡಿರುವಿರಿ. ಅಂತೆಯೇ ಮೂತ್ರವು ದಿನವೂ ಗಾಢವಾಗಿದ್ದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಮೊದಲಾದ ಲವಣಗಳು ಕರಗುವ ಮಿತಿಯನ್ನು ಮೀರಿ ಹರಳಾಗುವ ಸಂಭವ ಹೆಚ್ಚು. ಇವೇ ಬೆಳೆದು ಮೂತ್ರಪಿಂಡದ ಕಲ್ಲುಗಳಾಗುವುವು. ಕೊಳವೆಬಾವಿಯ ಗಡಸು ನೀರೇ ಕಲ್ಲಿಗೆ ಕಾರಣವೆಂದು ಹೆದರಿ ಅನೇಕರು ನೀರನ್ನೇ ಕಡಮೆ ಕುಡಿಯುವರು. ಇದು ಕಾರಣವನ್ನು ತಲೆಕೆಳಗು ಮಾಡಿದಂತೆ. ನೀರಿನ ಗಡಸುತನಕ್ಕಿಂತ ಮೂತ್ರದ ಪ್ರಮಾಣವೇ ಇಲ್ಲಿ ಹೆಚ್ಚು ಮುಖ್ಯ. ಒಮ್ಮೆ ಕಲ್ಲಿನ ಬಾಧೆಯಾದವರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರನ್ನು ಕುಡಿಯಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಆದರೆ ಯಾವ ನೀರಾದರೂ ಆಗಬಹುದೆಂದು ಇದರ ಅರ್ಥವಲ್ಲ. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚಾಗಿರುವುದುಂಟು. ಶಿಲೆಗಳಲ್ಲಿರುವ ಖನಿಜಗಳಿಂದ ಅದು ನೀರಿಗೆ ಇಳಿಯುವುದು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ದೊರೆಯದಲ್ಲಿ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಇದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲಿನ ಮೇಲೆ ಕಲೆಗಳೂ, ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆಗಳ ಬಿಗಿತವೂ ಬರುವುವು. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡಗಳೇ; ಆದುದರಿಂದ ಪಿಂಡಗಳು ಬಲಗುಂದಿದವರಲ್ಲಿ ಅದು ಹೆಚ್ಚು ನಿಲ್ಲುವುದು. ಕುದಿಸಿದರೆ ರೋಗಾಣುಗಳು ಸಾಯುವುವು, ಫ್ಲೋರೈಡು ಹೋಗದು. ನೀರು ಆವಿಯಾಗಿ ಕಡಮೆಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುವುದೇ ಹೊರತು ತಗ್ಗದು. ಇದನ್ನು ಮನೆಮಂದಿಗೆ ತಿಳಿಸುವುದು ವಿಜ್ಞಾನದ ವಿದ್ಯಾರ್ಥಿಗಳ ಕರ್ತವ್ಯ. ಅಂತಹ ಊರುಗಳಲ್ಲಿ ಪರೀಕ್ಷಿಸಿದ ಮೂಲದ ನೀರನ್ನೋ, ಶುದ್ಧೀಕರಣ ಘಟಕದ ನೀರನ್ನೋ, ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರನ್ನೋ ಬಳಸಬೇಕು.

ಮೂರನೆಯ ಅಪಾಯವು ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದು. ದಿನವೆಲ್ಲ ಬಿಸಿಲಿನಲ್ಲಿ ದುಡಿದು ಮೈಕೈ ನೋವಾದಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ಗುಳಿಗೆಗಳನ್ನು ನುಂಗುವ ರೂಢಿ ಬೆಳೆದಿದೆ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತುವಿನ ಉತ್ಪತ್ತಿಯನ್ನು ತಡೆಯುವುವೆಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. ನೋವು ತಗ್ಗುವುದು ಅದರಿಂದಲೇ. ಆದರೆ ದೇಹದಲ್ಲಿ ನೀರಿನ ಕೊರತೆಯಾದಾಗ ಮೂತ್ರಪಿಂಡದ ಒಳಬಾಗಿಲನ್ನು ಹಿಗ್ಗಿಸಿ ಹಿಡಿದಿರುವುದೂ ಅದೇ ಪ್ರೋಸ್ಟಗ್ಲ್ಯಾಂಡಿನ್. ಗುಳಿಗೆಯಿಂದ ಅದು ಇಲ್ಲವಾದರೆ ಬಾಗಿಲು ಕುಗ್ಗುವುದು. ಪ್ವಾಸಯ್‌ನ ನಿಯಮವನ್ನು ಮತ್ತೆ ನೆನೆಯಿರಿ: ತ್ರಿಜ್ಯ ಹತ್ತರಲ್ಲಿ ಒಂದು ಭಾಗ ಕುಗ್ಗಿದರೆ ಪ್ರವಾಹದ ಮೂರರಲ್ಲಿ ಒಂದು ಭಾಗ ಹೋಯಿತು. ಸೋಸುವ ಒತ್ತಡದ ಅಂಚಾದರೋ ಮೊದಲೇ ಅರ್ಧ ಅಡಿ ನೀರಿನಷ್ಟು. ಆರೋಗ್ಯವಂತನು ನೀರು ಕುಡಿದು ಒಮ್ಮೆ ನುಂಗಿದ ಗುಳಿಗೆ ಸಾಮಾನ್ಯವಾಗಿ ಕೇಡುಮಾಡದು. ಒಣಗಿದ ದೇಹದಲ್ಲಿ, ವಾಂತಿಭೇದಿಯ ವೇಳೆಯಲ್ಲಿ, ಮುಪ್ಪಿನಲ್ಲಿ, ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದ್ದಾಗ, ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಮಾತ್ರ ಅದು ಮೂತ್ರಪಿಂಡಕ್ಕೆ ಹೊಡೆತವಾಗುವುದು. ಮೊದಲು ನೀರು ಮತ್ತು ವಿಶ್ರಾಂತಿ, ಬಳಿಕ ಔಷಧದ ಯೋಚನೆ ಎಂಬುದು ಉಚಿತವಾದ ಕ್ರಮ.

ಏನು ಮಾಡತಕ್ಕದ್ದು?

ಬಾಯಾರಿಕೆ ಒಳ್ಳೆಯ ಎಚ್ಚರಿಕೆಯಾದರೂ ದುಡಿಮೆಯ ಭರದಲ್ಲಿ ಅದನ್ನು ನಾವು ಕೇಳಿಸಿಕೊಳ್ಳುವುದಿಲ್ಲ. ಮುದುಕರಲ್ಲಿ ಅದು ಮಂದವೂ ಆಗಿರುವುದು. ಆದುದರಿಂದ ಬಿಸಿಲಿಗೆ ಹೋಗುವ ಮುನ್ನವೂ, ಕೆಲಸದ ನಡುವೆ ಆಗಾಗ್ಗೆಯೂ ನೀರನ್ನು ಕುಡಿಯಬೇಕು. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ಲೆಕ್ಕ ಸರಿಯಾಗಿದೆಯೆಂದು ತಿಳಿಯಬಹುದು. ಗಾಢವಾಗಿದ್ದರೆ ಬಾಕಿ ಉಳಿದಿದೆ. ಬಹಳ ಬೆವರಿದಾಗ ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು. ವಾಂತಿಭೇದಿಯಾದಾಗ ಆಸ್ಪತ್ರೆಯಲ್ಲಿ ಕೊಡುವ ಉಪ್ಪುಸಕ್ಕರೆಯ ಪುಡಿಯನ್ನು ಕರಗಿಸಿ ಕುಡಿಸಬೇಕು. ಅದು ದೊರೆಯದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಬೆರೆಸಬಹುದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಈ ಲೆಕ್ಕ ಹೊಂದದು. ಅವರು ವೈದ್ಯರು ಹೇಳಿದ ಅಳತೆಯಂತೆ ನಡೆಯಬೇಕು.

ವಿದ್ಯಾರ್ಥಿಗಳಿಗೆ, ಅದರಲ್ಲಿಯೂ ವಿದ್ಯಾರ್ಥಿನಿಯರಿಗೆ, ಒಂದು ಮಾತು. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವವರುಂಟು. ಅದರಿಂದ ಮೂತ್ರ ಗಾಢವಾಗುವುದಲ್ಲದೆ, ಬಹುಹೊತ್ತು ತಡೆದಿರಿಸಿದ ಮೂತ್ರದಲ್ಲಿ ರೋಗಾಣುಗಳು ಬೆಳೆಯುವುದಕ್ಕೂ ಅವಕಾಶವಾಗುವುದು. ಇದು ಮಕ್ಕಳ ತಪ್ಪಲ್ಲ. ಶುಚಿಯಾದ ಶೌಚಾಲಯವನ್ನು ಒದಗಿಸಬೇಕಾದ ಹಿರಿಯರ ಹೊಣೆ. ಪ್ರಯೋಗಶಾಲೆಗೆ ತಕ್ಕಡಿ ಎಷ್ಟು ಅಗತ್ಯವೋ ಶಾಲೆಗೆ ಇದೂ ಅಷ್ಟೇ ಅಗತ್ಯ.

ಪಿಂಡಗಳು ಪೂರ್ತಿಯಾಗಿ ಕೆಟ್ಟರೆ ಇಂದು ಯಂತ್ರವುಂಟು. ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ ಯುದ್ಧದ ದಿನಗಳಲ್ಲಿ, 1943ರಲ್ಲಿ, ಮರದ ಉರುಳೆಗೆ ಸೆಲೊಫೇನ್ ಕೊಳವೆಯನ್ನು ಸುತ್ತಿ ರಕ್ತವನ್ನು ಶುದ್ಧಮಾಡುವ ಯಂತ್ರವನ್ನು ಕಟ್ಟಿದನು. ಅದರ ಸುಧಾರಿಸಿದ ರೂಪವೇ ಇಂದಿನ ಡಯಾಲಿಸಿಸ್. ತೆಳುಪೊರೆಯ ಒಂದು ಬದಿಯಲ್ಲಿ ರಕ್ತ, ಇನ್ನೊಂದು ಬದಿಯಲ್ಲಿ ಶುದ್ಧ ದ್ರವ. ಕಲ್ಮಷವು ವಿಸರಣದಿಂದ ಆಚೆಗೆ ದಾಟುವುದು. ರೋಗಿಯು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆ ಯಂತ್ರದ ಬಳಿ ಮಲಗಬೇಕು. ಆ ದ್ರವ ನಿಮಿಷಕ್ಕೆ ಅರ್ಧ ಲೀಟರಿನಂತೆ ಹರಿದರೆ ಒಂದು ಸಲಕ್ಕೆ ಬೇಕಾದ ಶುದ್ಧ ನೀರು 120 ಲೀಟರ್. ಮುನ್ನೂರು ಗ್ರಾಂ ತೂಕದ ಎರಡು ಪಿಂಡಗಳು ನಮ್ಮಿಂದ ಕೇಳುವುದು ದಿನಕ್ಕೆ ಕೆಲವು ಲೋಟ ನೀರನ್ನು ಮಾತ್ರ. ನೀರಿನ ಬೆಲೆಯನ್ನು ತಲೆತಲಾಂತರದಿಂದ ಅರಿತಿರುವ ನಾಡಿನವರು ಈ ಎರಡು ಅಂಕಿಗಳನ್ನು ಹೋಲಿಸಿ ನೋಡಿದರೆ ಹೆಚ್ಚಿನ ಉಪದೇಶ ಬೇಕಾಗದು.

ಅಭ್ಯಾಸಕ್ಕೆ

1. ವಿಶ್ರಾಂತಿಯಲ್ಲಿದ್ದಾಗ ನಿಮ್ಮ ನಾಡಿಯನ್ನು ಒಂದು ನಿಮಿಷ ಎಣಿಸಿರಿ. ಬಡಿತಕ್ಕೆ 70 ಮಿಲಿಲೀಟರ್ ಎಂದು ಹಿಡಿದು, ನಿಮ್ಮ ಹೃದಯ ದಿನಕ್ಕೆ ನೂಕುವ ರಕ್ತವನ್ನು ಲೆಕ್ಕಹಾಕಿರಿ.

2. ಕಿರಿಯ ಅಪಧಮನಿಯ ತ್ರಿಜ್ಯ ನೂರಕ್ಕೆ ಐದರಷ್ಟು ಕುಗ್ಗಿದರೆ, ಒತ್ತಡ ಬದಲಾಗದೆ ಇರುವಾಗ, ಪ್ರವಾಹವು ಎಷ್ಟು ಪಾಲು ಉಳಿಯುವುದು? (ಉತ್ತರ: ಸುಮಾರು 0.81.)

3. ಬೇಸಗೆಯ ಒಂದು ದಿನ ನೀವು ಕುಡಿದ ನೀರು, ಮಜ್ಜಿಗೆ, ಕಾಫಿ ಎಲ್ಲವನ್ನೂ ಲೋಟದ ಅಳತೆಯಿಂದ ಬರೆದಿಟ್ಟು, ಮೇಲಣ ಆಯವ್ಯಯದೊಡನೆ ಹೋಲಿಸಿರಿ. ಬಾಕಿ ಎಷ್ಟೆಂದು ಕಂಡುಕೊಂಡು, ಮರುದಿನ ಅದನ್ನು ತೀರಿಸಿರಿ.